ರೂವಾರಿ ಯಾರು? – ಒಂದು ಶಬ್ದದ ಇತಿಹಾಸ

ಮನುಷ್ಯರಿಗಿರುವಂತೆ ಶಬ್ದಗಳಿಗೂ ಒಂದು ಜೀವನಚರಿತ್ರೆಯುಂಟು. ಕೆಲವು ಶಬ್ದಗಳು ಬಡವರ ಮನೆಯಲ್ಲಿ ಹುಟ್ಟಿ ಅರಮನೆಯನ್ನು ಸೇರುತ್ತವೆ. ಕೆಲವು ದೇವಾಲಯದ ಗೋಡೆಯ ಮೇಲೆ ಗೌರವದಿಂದ ಬಾಳಿ ಕಾಲಾಂತರದಲ್ಲಿ ಹೀನಾರ್ಥಕ್ಕೆ ಇಳಿಯುತ್ತವೆ. ಒಂದು ಶಬ್ದವು ಹೀಗೆ ನೆಲೆ ಬದಲಿಸಿದಾಗ ಅದನ್ನು ಆಡುವ ಜನರ ಮನಸ್ಸೂ ಎಷ್ಟೋ ಬದಲಾಗಿರುತ್ತದೆ. ಆದುದರಿಂದ ಶಬ್ದದ ಇತಿಹಾಸವನ್ನು ಅರಸುವುದೆಂದರೆ ನಮ್ಮನ್ನು ನಾವೇ ಪರೀಕ್ಷಿಸಿಕೊಂಡಂತೆ.

ಈ ವಿಚಾರವು ನನ್ನ ಮನಸ್ಸಿಗೆ ಬಂದುದು ಬೆಂಗಳೂರಿನ ಉತ್ತರ ಭಾಗದ ಅಮೃತಹಳ್ಳಿಯಲ್ಲಿ. ಹೆಬ್ಬಾಳ ಯಲಹಂಕಗಳ ನಡುವೆ, ಬಳ್ಳಾರಿ ರಸ್ತೆಗೆ ಸಮೀಪದಲ್ಲಿ, ತನ್ನದೊಂದು ಕೆರೆಯನ್ನು ನೆಚ್ಚಿಕೊಂಡು ಬಾಳಿದ ಈ ಹಳ್ಳಿ ಇಂದು ಮಹಾನಗರದ ಒಡಲೊಳಗೆ ಸೇರಿಹೋಗಿದೆ. ಬೀದಿಬೀದಿಗೂ ಹೊಸ ಮನೆಗಳು ಏಳುತ್ತಿವೆ. ಏಳುತ್ತಿರುವ ಕಟ್ಟಡದ ಮುಂದಿನ ಫಲಕದಲ್ಲಿ ‘ಆರ್ಕಿಟೆಕ್ಟ್’ ಎಂಬ ಶಬ್ದದೊಡನೆ ಒಂದು ಹೆಸರು ಕಾಣುತ್ತದೆ. ನೆರೆಮನೆಯ ಯುವಕನನ್ನು ಉದ್ಯೋಗವೇನೆಂದು ಕೇಳಿದರೆ ತಾನು ‘ಸಾಫ್ಟ್‌ವೇರ್ ಆರ್ಕಿಟೆಕ್ಟ್’ ಎನ್ನುತ್ತಾನೆ. ಬೆಳಗಿನ ಪತ್ರಿಕೆಯನ್ನು ಬಿಡಿಸಿದರೆ ಒಂದು ಪುಟದಲ್ಲಿ ‘ಯೋಜನೆಯ ರೂವಾರಿ’ ಎನಿಸಿಕೊಂಡ ನಾಯಕರೊಬ್ಬರ ಭಾವಚಿತ್ರ. ಮತ್ತೊಂದು ಪುಟದಲ್ಲಿ ‘ದರೋಡೆ ಸಂಚಿನ ರೂವಾರಿ’ ಪೊಲೀಸರ ವಶವಾದ ಸುದ್ದಿ. ಅದೇ ಹೊತ್ತಿನಲ್ಲಿ ಸಾರುವೆಯ ಮೇಲೆ ನಿಂತು, ತೂಗುಗುಂಡನ್ನು ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ ಗೋಡೆಯ ನೇರವನ್ನು ನೋಡುತ್ತಿರುವ ಮೇಸ್ತ್ರಿಯನ್ನು ಮಾತ್ರ ಯಾರೂ ಈ ಯಾವ ಹೆಸರಿನಿಂದಲೂ ಕರೆಯುವುದಿಲ್ಲ.

ಹಾಗಾದರೆ ರೂವಾರಿ ಎಂದರೆ ಯಾರು? ಯೋಚನೆ ಮಾಡಿದವನೋ, ಹಣ ಕೊಟ್ಟವನೋ, ನಕ್ಷೆ ಬರೆದವನೋ, ಕಲ್ಲು ಕಟೆದವನೋ? ಈ ಪ್ರಶ್ನೆಗೆ ನಮ್ಮ ಪೂರ್ವಿಕರು ಕೊಟ್ಟ ಉತ್ತರ ಕರ್ನಾಟಕದ ಕಲ್ಲುಗಳ ಮೇಲೆಯೇ ಇದೆ.

೧

ಮೊದಲು ಪರಭಾಷೆಯ ಶಬ್ದವನ್ನೇ ನೋಡೋಣ. ‘ಆರ್ಕಿಟೆಕ್ಟ್’ ಎಂಬುದು ಗ್ರೀಕ್ ಭಾಷೆಯಲ್ಲಿ ಹುಟ್ಟಿ ಲ್ಯಾಟಿನ್ನಿನ ಮೂಲಕ ಯೂರೋಪಿನ ಭಾಷೆಗಳಿಗೆ ಹರಡಿದ ಮಾತು. ಅದರ ಮೊದಲ ಭಾಗಕ್ಕೆ ‘ಹಿರಿಯ’, ‘ಮುಖ್ಯ’ ಎಂದರ್ಥ. ಎರಡನೆಯ ಭಾಗವಾದ ‘ಟೆಕ್ಟೋನ್’ ಎಂಬುದಕ್ಕೆ ‘ಬಡಗಿ’ ಎಂದರ್ಥ. ಈ ‘ಟೆಕ್ಟೋನ್’ ಎಂಬುದೂ ನಮ್ಮ ಸಂಸ್ಕೃತದ ‘ತಕ್ಷನ್’, ‘ತಕ್ಷಕ’ ಎಂಬ ಶಬ್ದಗಳೂ ಒಂದೇ ಮೂಲದಿಂದ ಬಂದ ದಾಯಾದಿಗಳೆಂದು ಭಾಷಾಶಾಸ್ತ್ರಜ್ಞರು ತೋರಿಸಿದ್ದಾರೆ. ಹೀಗೆ ಇಂದು ಬಹು ದೊಡ್ಡದಾಗಿ ಕಾಣುವ ಈ ಬಿರುದಿನ ಮೂಲಾರ್ಥ ‘ಹಿರಿಯ ಬಡಗಿ’ ಎಂದಷ್ಟೇ. ಅವನು ಬಡಗಿಗಳಿಗೆ ಹೊರಗಿನವನಲ್ಲ; ಅವರಲ್ಲಿಯೇ ಮೇಲಾದವನು.

ನಮ್ಮ ಶಿಲ್ಪಶಾಸ್ತ್ರಗಳ ನಿಲುವೂ ಇದಕ್ಕೆ ದೂರವಾದುದಲ್ಲ. ‘ಮಯಮತ’, ‘ಮಾನಸಾರ’ಗಳೆಂಬ ಗ್ರಂಥಗಳು ಶಿಲ್ಪಿಗಳಲ್ಲಿ ನಾಲ್ಕು ಬಗೆಯನ್ನು ಹೇಳುತ್ತವೆ: ಸ್ಥಪತಿ, ಸೂತ್ರಗ್ರಾಹಿ, ತಕ್ಷಕ, ವರ್ಧಕಿ. ಸ್ಥಪತಿಯು ಒಟ್ಟು ಕಟ್ಟಡವನ್ನು ಮನಸ್ಸಿನಲ್ಲಿ ಕಂಡು ನಡೆಸುವವನು. ಸೂತ್ರಗ್ರಾಹಿಯು ದಾರ ಹಿಡಿದು ಅಳತೆ ಹಾಕುವವನು; ಇವನು ಬಹುಮಟ್ಟಿಗೆ ಸ್ಥಪತಿಯ ಮಗನೋ ಶಿಷ್ಯನೋ ಆಗಿರಬೇಕು. ತಕ್ಷಕನು ಕಲ್ಲು ಮರಗಳನ್ನು ಕಡಿಯುವವನು, ವರ್ಧಕಿಯು ಅವನ್ನು ಜೋಡಿಸುವವನು. ನಾಲ್ವರೂ ಒಂದೇ ವಿದ್ಯೆಯ ನಾಲ್ಕು ಮೆಟ್ಟಿಲುಗಳಂತೆ; ಕೆಳಗಿನ ಮೂರನ್ನು ಅರಿಯದವನು ಮೇಲಿನದಕ್ಕೆ ಏರುವಂತಿಲ್ಲ. ಇಂದು ಮನೆಯ ದಿಕ್ಕು ಬಾಗಿಲುಗಳ ಶುಭಾಶುಭಗಳಿಗೆ ಮಾತ್ರ ಬಳಕೆಯಾಗುತ್ತಿರುವ ‘ವಾಸ್ತು’ ಎಂಬ ಶಬ್ದವೂ ‘ವಾಸಿಸು’ ಎಂಬರ್ಥದ ಧಾತುವಿನಿಂದ ಹುಟ್ಟಿದ್ದು. ಜನರು ಬಾಳುವ ನೆಲೆಯನ್ನು ಕಟ್ಟಬಲ್ಲವನೇ ವಾಸ್ತುಶಿಲ್ಪಿ.

೨

ಶಾಸ್ತ್ರದಿಂದ ಶಾಸನಕ್ಕೆ ಬರೋಣ. ಐಹೊಳೆಯ ಹುಚ್ಚಪ್ಪಯ್ಯನ ಗುಡಿಯಲ್ಲಿ ನರಸೊಬ್ಬನೆಂಬವನನ್ನು ಕುರಿತ ಒಂದು ಪುಟ್ಟ ಬರಹವಿದೆ. ಮನೆಗಳನ್ನೂ ದೇಗುಲಗಳನ್ನೂ ಕಟ್ಟುವುದರಲ್ಲಿ ಅವನಿಗೆ ಸಮಾನರು ಈ ಜಂಬೂದ್ವೀಪದಲ್ಲಿ ಹಿಂದೆ ಇರಲಿಲ್ಲ, ಮುಂದೆ ಹುಟ್ಟುವುದಿಲ್ಲ ಎಂಬುದು ಅದರ ತಾತ್ಪರ್ಯ. ಚಾಲುಕ್ಯರ ಕಾಲದ ಕನ್ನಡನಾಡು ತನ್ನ ಕಟ್ಟಡಗಾರನ ವಿಷಯದಲ್ಲಿ ತಾಳಿದ್ದ ಅಭಿಮಾನ ಎಂಥದೆಂಬುದಕ್ಕೆ ಇದೊಂದೇ ಸಾಕು.

ಅಲ್ಲಿಂದ ಸಮೀಪದಲ್ಲಿರುವ, ಮಲಪ್ರಭೆಯ ದಡದ ಪಟ್ಟದಕಲ್ಲಿನಲ್ಲಿ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯವುಂಟು. ಇಮ್ಮಡಿ ವಿಕ್ರಮಾದಿತ್ಯನು (ಕ್ರಿ. ಶ. ೭೩೩–೭೪೪) ಮೂರು ಬಾರಿ ಕಂಚಿಯನ್ನು ಗೆದ್ದುದರ ನೆನಪಿಗಾಗಿ ಅವನ ರಾಣಿ ಲೋಕಮಹಾದೇವಿಯು ಲೋಕೇಶ್ವರ ದೇವಾಲಯವನ್ನು ಕಟ್ಟಿಸಿದಳು. ಈಗ ವಿರೂಪಾಕ್ಷ ದೇವಾಲಯವೆಂದು ನಾವು ಕರೆಯುವುದು ಇದನ್ನೇ. ಅದರ ಪೂರ್ವದ್ವಾರದ ಶಾಸನವು ರಾಣಿಯ ಹೆಸರನ್ನು ಹೇಳಿ ಸುಮ್ಮನಾಗುವುದಿಲ್ಲ. ದೇವಾಲಯವನ್ನು ಕಟ್ಟಿದ ಸೂತ್ರಧಾರಿಯು ಗುಂಡ ಅನಿವಾರಿತಾಚಾರಿ ಎಂದೂ, ಅವನಿಗೆ ‘ಪೆರ್ಜೆರೆಪು’ ಎಂಬ ಪಟ್ಟವನ್ನೂ ‘ತ್ರಿಭುವನಾಚಾರಿ’ ಎಂಬ ಹೆಸರನ್ನೂ ಕೊಡಲಾಯಿತೆಂದೂ ತಿಳಿಸುತ್ತದೆ. ಅದೇ ದೇವಾಲಯದ ಇನ್ನೊಂದು ಶಾಸನವು ಸರ್ವಸಿದ್ಧಿ ಆಚಾರಿಯನ್ನು ‘ತೆಂಕಣ ದಿಸೆಯ ಸೂತ್ರಧಾರಿ’ ಎಂದು ಕೊಂಡಾಡಿ, ಅನೇಕ ಪುರಗಳ ನಿರ್ಮಾಣಕ್ಕೆ ಅವನು ಪಿತಾಮಹನಂತಿದ್ದನೆನ್ನುತ್ತದೆ. ಪ್ರಾಸಾದದಿಂದ ಹಿಡಿದು ವಾಹನ, ಆಸನ, ಮಂಚ, ಕಿರೀಟಗಳವರೆಗೆ ಅವನ ವಿದ್ಯೆ ಹಬ್ಬಿದ್ದಿತು. ಗುಂಡನೂ ಸರ್ವಸಿದ್ಧಿಯೂ ಒಬ್ಬನೇ ಎಂದು ಕೆಲವು ವಿದ್ವಾಂಸರು, ಬೇರೆಬೇರೆಯವರೆಂದು ಕೆಲವರು ಹೇಳುತ್ತಾರೆ. ಅದೇನೇ ಇರಲಿ, ಶಾಸ್ತ್ರಗ್ರಂಥದಲ್ಲಿ ಎರಡನೆಯ ಸ್ಥಾನದಲ್ಲಿದ್ದ ದಾರ ಹಿಡಿಯುವವನು ಇಲ್ಲಿ ಮೊದಲ ಸ್ಥಾನಕ್ಕೆ ಬಂದಿದ್ದಾನೆ. ‘ಸೂತ್ರಧಾರಿ’ ಎಂಬುದು ಪಟ್ಟದಕಲ್ಲಿನಲ್ಲಿ ರಾಜಸನ್ಮಾನಕ್ಕೆ ತಕ್ಕ ಶಬ್ದ. ಅದು ಸೂಚಿಸಿದ್ದು ಅಳತೆಯ ದಾರವನ್ನು, ಬೊಂಬೆಯಾಡಿಸುವ ದಾರವನ್ನಲ್ಲ.

ಪಟ್ಟದಕಲ್ಲಿನ ಪಾಪನಾಥ ದೇವಾಲಯದಲ್ಲಿ ರೇವಡಿ ಓವಜ್ಜನೆಂಬ ಇನ್ನೊಬ್ಬನ ಹೆಸರಿದೆ. ಈ ‘ಓವಜ್ಜ’ ಎಂಬ ರೂಪವು ಭಾಷೆಯ ದೃಷ್ಟಿಯಿಂದ ಅಮೂಲ್ಯವಾದುದು. ಸಂಸ್ಕೃತದ ‘ಉಪಾಧ್ಯಾಯ’ ಶಬ್ದವು ಪ್ರಾಕೃತದ ಮೂಲಕ ಸವೆದು ‘ಓವಜ್ಜ’ವಾಗಿ, ಮುಂದೆ ‘ಓಜ’ವಾಯಿತು. ಬೇಲೂರಿನ ದಾಸೋಜ, ಗದುಗಿನ ನಾಗೋಜ ಮೊದಲಾದ ಹೆಸರುಗಳ ಕೊನೆಯಲ್ಲಿರುವುದು ಇದೇ ‘ಓಜ’. ‘ಆಚಾರಿ’ ಎಂಬುದಂತೂ ‘ಆಚಾರ್ಯ’ ಶಬ್ದದ ತದ್ಭವ. ಕಲ್ಲು ಕಟೆಯುವವನನ್ನು ಕನ್ನಡಿಗರು ಗುರುವಾಚಕವಾದ ಎರಡು ಶಬ್ದಗಳಿಂದ ಕರೆದರು. ಕೈಯ ವಿದ್ಯೆಯೂ ವಿದ್ಯೆಯೇ, ಅದನ್ನು ಕಲಿಸುವವನೂ ಉಪಾಧ್ಯಾಯನೇ ಎಂಬ ತಿಳಿವು ಆ ಹೆಸರುಗಳಲ್ಲಿಯೇ ಅಡಗಿದೆ. ಇಂದು ‘ಆಚಾರ್ಯ’ರಿಗೆ ಪೀಠ ಹಾಕಿ ‘ಆಚಾರಿ’ಯನ್ನು ಹಿತ್ತಿಲ ಬಾಗಿಲಿನಿಂದ ಕರೆಯುವ ನಾವು ಎರಡೂ ಒಂದೇ ಶಬ್ದವೆಂಬುದನ್ನು ಮರೆತಿದ್ದೇವೆ.

ಪಟ್ಟದಕಲ್ಲಿನಲ್ಲಿ ಹೀಗೆ ದೊಡ್ಡ ಸೂತ್ರಧಾರಿಗಳು ಮೆರೆಯುತ್ತಿದ್ದ ಶತಮಾನದಲ್ಲಿಯೇ, ಅಮೃತಹಳ್ಳಿಗೆ ಹತ್ತಿರದ ಹೆಬ್ಬಾಳದಲ್ಲಿಯೂ ಉಳಿಯ ಸದ್ದು ಕೇಳಿತ್ತು. ಅಲ್ಲಿ ೨೦೧೮ರಲ್ಲಿ ಚರಂಡಿಗಾಗಿ ನೆಲ ಅಗೆಯುವಾಗ ಕಿತ್ತಯ್ಯನೆಂಬ ವೀರನ ಕಲ್ಲು ದೊರೆಯಿತು. ಗಂಗರ ಶ್ರೀಪುರುಷನ ಆಳ್ವಿಕೆಗೆ ಸೇರಿದ, ಕ್ರಿ. ಶ. ಸುಮಾರು ೭೫೦ರ ಆ ಬರಹದಲ್ಲಿ ಹೆಬ್ಬಾಳದ ಹಳೆಯ ಹೆಸರು ‘ಪೆರ್ಬೊಳಲ್’, ಅಂದರೆ ಹಿರಿಯ ಪಟ್ಟಣ. ನಮ್ಮ ಊರಿನ ಇತಿಹಾಸವನ್ನು ಹನ್ನೆರಡು ನೂರು ವರ್ಷಗಳಿಗೂ ಹಿಂದಕ್ಕೆ ಒಯ್ದದ್ದು ಒಬ್ಬ ವೀರನ ಬಲಿದಾನ ಹೇಗೋ, ಹಾಗೆಯೇ ಅಕ್ಷರ ಕೊರೆಯಬಲ್ಲ ಒಂದು ಕೈಯ ಕೆಲಸವೂ ಹೌದು.

೩

ಈಗ ‘ರೂವಾರಿ’ ಶಬ್ದವನ್ನು ವಿಚಾರಿಸೋಣ. ಸಂಸ್ಕೃತದ ‘ರೂಪಕಾರಿ’ಯೇ ಕನ್ನಡದಲ್ಲಿ ‘ರೂವಾರಿ’ ಆಯಿತು. ರೂಪವನ್ನು ಮಾಡುವವನು, ಮೂರ್ತಿಯನ್ನು ಕಡೆಯುವವನು ರೂವಾರಿ. ಇದು ಮನಸ್ಸಿನಲ್ಲಿ ಯೋಜನೆ ಹಾಕುವವನ ಹೆಸರಲ್ಲ. ಕೈಯಲ್ಲಿ ಉಳಿ ಹಿಡಿದವನ ಹೆಸರು. ಶ್ರವಣಬೆಳಗೊಳದ ಶಾಸನಗಳನ್ನು ಕೊರೆದ ಗಂಗಾಚಾರಿಯು ‘ಬಿರುದ ರೂವಾರಿ ಮುಖತಿಲಕ’ನೆಂದು ಹೆಸರಾಗಿದ್ದಾನೆ.

ಹೊಯ್ಸಳರ ಕಾಲದಲ್ಲಿ ಈ ಶಬ್ದಕ್ಕೆ ಅಪಾರವಾದ ಗೌರವ ಬಂದಿತು. ವಿಷ್ಣುವರ್ಧನನು ಕ್ರಿ. ಶ. ೧೧೧೭ರಲ್ಲಿ ಪ್ರತಿಷ್ಠೆ ಮಾಡಿಸಿದ ಬೇಲೂರಿನ ದೇವಾಲಯದಲ್ಲಿ ಅಲ್ಲಮಪ್ರಭುಗಳ ನಾಡಾದ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಮದನಿಕೆಯರ ವಿಗ್ರಹಗಳ ಕೆಳಗೆ ಹೆಸರು ಕೊರೆದಿದ್ದಾರೆ. ಬಿರುದು ಹೊತ್ತ ಇತರ ರೂವಾರಿಗಳು ಮನ್ಮಥರಾದರೆ ತಾನು ಅವರಿಗೆ ಮಹೇಶ್ವರನೆಂದು ಚಾವಣನು ಹೇಳಿಕೊಂಡಿದ್ದಾನೆ. ಈ ಮಾತಿನಲ್ಲಿ ಗರ್ವವಿದ್ದರೂ ಅದು ಕೆಲಸ ಬಲ್ಲವನ ಗರ್ವ.

ಅಮೃತಹಳ್ಳಿಯೆಂದಾಗ ನನಗೆ ಅದರ ಹೆಸರನ್ನೇ ಹೋಲುವ, ತರೀಕೆರೆಯ ಕಡೆಯ ಅಮೃತಾಪುರದ ನೆನಪಾಗುತ್ತದೆ. ಇಮ್ಮಡಿ ವೀರಬಲ್ಲಾಳನ ದಂಡನಾಯಕನು ಕ್ರಿ. ಶ. ೧೧೯೬ರಲ್ಲಿ ಅಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯದಲ್ಲಿ ರೂವಾರಿ ಮಲ್ಲಿತಮ್ಮನ ಕೆಲಸ ಕಾಣುತ್ತದೆ. ಮುಂದೆ ೧೨೪೬ರ ನುಗ್ಗೇಹಳ್ಳಿಯಲ್ಲಿಯೂ, ೧೨೬೮ರ ಸೋಮನಾಥಪುರದಲ್ಲಿಯೂ ಅದೇ ಹೆಸರು ದೊರೆಯುತ್ತದೆ. ಮೊದಲನೆಯದಕ್ಕೂ ಕಡೆಯದಕ್ಕೂ ನಡುವೆ ೭೨ ವರ್ಷಗಳ ಅಂತರ. ಅದು ಒಬ್ಬನದೇ ದೀರ್ಘಜೀವನವಾಗಿದ್ದರೆ ಆಶ್ಚರ್ಯಕರವಾದ ಕಾಯಕನಿಷ್ಠೆ. ಒಂದೇ ಹೆಸರಿನ ಬೇರೆಬೇರೆ ಶಿಲ್ಪಿಗಳದಾಗಿದ್ದರೆ ಆ ಹೆಸರಿಗೆ ಶಿಲ್ಪಿಗಳಲ್ಲಿ ಇದ್ದ ಬೆಲೆಗೆ ಸಾಕ್ಷಿ. ಸೋಮನಾಥಪುರದಲ್ಲಿ ಮಲ್ಲಿತಮ್ಮನೊಡನೆ ಬಾಲೆಯ, ಚೌಡೆಯ, ಬಾಮಯ, ಮಸಣಿತಮ್ಮ, ನಂಜಯ ಮೊದಲಾದವರ ಹೆಸರುಗಳೂ ಇವೆ. ಒಬ್ಬನೇ ರೂವಾರಿಯಲ್ಲ, ಹಲವರು ರೂವಾರಿಗಳು.

ಆದರೆ ಜನಮನವು ಹಲವು ಹೆಸರುಗಳನ್ನು ಬಹುಕಾಲ ಹೊರಲಾರದು. ಅದು ಒಂದನ್ನೇ ಬಯಸುತ್ತದೆ. ಕೈದಾಳದ ಜಕಣಾಚಾರಿ, ಅವನ ಮಗ ಡಂಕಣ, ಮೂರ್ತಿಯ ಕಲ್ಲಿನೊಳಗಿದ್ದ ಕಪ್ಪೆ ಇವರ ಕಥೆಯನ್ನು ಕೇಳದ ಕನ್ನಡಿಗನಿಲ್ಲ. ಬೇಲೂರು ಹಳೇಬೀಡುಗಳ ಶಿಲ್ಪಿಗಳು ಕೊರೆದ ಹೆಸರುಗಳಲ್ಲಿ ಜಕಣಾಚಾರಿಯ ಹೆಸರು ಕಾಣುವುದಿಲ್ಲ. ಕಥೆಯು ಸುಳ್ಳೆಂದು ಹೀಗಳೆಯಬೇಕಾಗಿಲ್ಲ. ಹೆಸರು ಮರೆತುಹೋದ ಸಾವಿರಾರು ಕೈಗಳಿಗೆ ಜನತೆ ಕೃತಜ್ಞತೆಯಿಂದ ಇಟ್ಟ ಒಂದು ಹೆಸರು ಅದು. ಆದರೂ ಕಥೆಯ ಜಕಣನನ್ನು ನೆನೆಯುವ ನಾವು ಶಾಸನದ ದಾಸೋಜ ಮಲ್ಲಿತಮ್ಮರನ್ನು ಮರೆಯುವುದು ನ್ಯಾಯವಲ್ಲ.

೪

ಇಲ್ಲಿ ಕನ್ನಡ ವ್ಯಾಕರಣದ ಒಂದು ಸಣ್ಣ ಸಂಗತಿಯನ್ನು ವಾಚಕರು ಗಮನಿಸಬೇಕು. ಶ್ರವಣಬೆಳಗೊಳದಲ್ಲಿ ಸುಮಾರು ೫೮ ಅಡಿ ಎತ್ತರದ ಗೊಮ್ಮಟಮೂರ್ತಿಯ ಪಾದದ ಬಳಿ ಚಾವುಂಡರಾಯನ ಹೆಸರಿನೊಡನೆ ಇರುವ ಕ್ರಿಯಾಪದ ‘ಮಾಡಿಸಿದಂ’ ಎಂದು, ‘ಮಾಡಿದಂ’ ಎಂದಲ್ಲ. ಕ್ರಿ. ಶ. ೯೮೧ರ ಸುಮಾರಿನಲ್ಲಿ ಅಷ್ಟು ಪ್ರಬಲನಾಗಿದ್ದ ಗಂಗರ ಸೇನಾಪತಿಯೂ ಮಾಡಿದವನು ತಾನೆಂದು ಹೇಳಿಕೊಳ್ಳಲಿಲ್ಲ. ‘ಇಸು’ ಎಂಬ ಒಂದೇ ಪ್ರತ್ಯಯದಿಂದ ನಮ್ಮ ಭಾಷೆಯು ಮಾಡಿದವನನ್ನೂ ಮಾಡಿಸಿದವನನ್ನೂ ಬೇರ್ಪಡಿಸುತ್ತದೆ. ಕಟ್ಟಿದ, ಕಟ್ಟಿಸಿದ, ಬರೆದ, ಬರೆಸಿದ, ಅಗೆದ, ಅಗೆಸಿದ. ಶಾಸನಗಳ ಕನ್ನಡವು ಈ ಭೇದವನ್ನು ಎಚ್ಚರದಿಂದ ಕಾಪಾಡಿಕೊಂಡಿತು. ಲೋಕಮಹಾದೇವಿ ಮಾಡಿಸಿದಳು, ಗುಂಡ ಮಾಡಿದ. ಇಬ್ಬರಿಗೂ ಒಂದೇ ಬಾಗಿಲಲ್ಲಿ ಸ್ಥಳವಿತ್ತು.

ಹನ್ನೆರಡನೆಯ ಶತಮಾನದ ಶರಣರು ಈ ಗೌರವವನ್ನು ಇನ್ನೂ ಮುಂದಕ್ಕೆ ಒಯ್ದರು. ರಾಜನಿಂದ ಪಟ್ಟ ದೊರೆತವನ ಹೆಸರು ಮಾತ್ರವಲ್ಲ, ದಿನದ ದುಡಿಮೆ ಮಾಡುವ ಪ್ರತಿಯೊಬ್ಬನ ಹೆಸರೂ ಅವನ ಕಾಯಕದೊಡನೆ ಉಳಿಯಿತು. ಕಲ್ಯಾಣದ ಶರಣರಲ್ಲಿ ಬಡಗಿಯೊಬ್ಬನಿಗೆ ಬಾಚಿಕಾಯಕದ ಬಸವಯ್ಯನೆಂದೇ ಹೆಸರು. ಮರ ಕೆತ್ತುವ ಬಾಚಿ ಅವನ ಹೆಸರಿನ ಮೊದಲ ಪದವಾಯಿತು. ಅವನ ಪುಣ್ಯಸ್ತ್ರೀ ಕಾಳವ್ವೆಯೂ ವಚನಕಾರ್ತಿ. ಉಪಕರಣವನ್ನು ಮುಚ್ಚಿಟ್ಟು ದೊಡ್ಡವರೆನಿಸಿಕೊಳ್ಳುವ ಹಂಬಲ ಅವರಿಗಿರಲಿಲ್ಲ.

೫

ಇಪ್ಪತ್ತನೆಯ ಶತಮಾನದಲ್ಲಿ ಚಿತ್ರವು ಬದಲಾಯಿತು. ಎಂಜಿನಿಯರಿಂಗ್ ಕಾಲೇಜುಗಳು ಬಂದವು. ನಕ್ಷೆ ಬರೆಯುವವನು ಕಚೇರಿಯಲ್ಲಿಯೂ ಕಟ್ಟುವವನು ಬಿಸಿಲಿನಲ್ಲಿಯೂ ಉಳಿದರು. ಮೈಸೂರು ಸರಕಾರವು ೧೯೩೯ರಲ್ಲಿ ಜರ್ಮನಿಯ ಓಟೋ ಕೋನಿಗ್ಸ್‌ಬರ್ಗರ್ ಎಂಬವರನ್ನು ಸಂಸ್ಥಾನದ ವಾಸ್ತುಶಿಲ್ಪಿಯಾಗಿ ನೇಮಿಸಿಕೊಂಡಿತು. ಯಶವಂತಪುರದ ಸಮೀಪದ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಅವರು ರೂಪಿಸಿದ ಕಟ್ಟಡಗಳಿವೆ. ಓಜನ ಗುರುಕುಲದಿಂದ ಬಂದ ವಿದ್ಯೆಯ ಜೊತೆಗೆ ಪದವಿಯಿಂದ ಬಂದ ವಿದ್ಯೆಯೂ ನಿಂತಿತು.

ವಿಧಾನಸೌಧದ ಉದಾಹರಣೆಯನ್ನು ತೆಗೆದುಕೊಳ್ಳೋಣ. ೧೯೫೧ರ ಜುಲೈ ೧೩ರಂದು, ಕೆ. ಸಿ. ರೆಡ್ಡಿಯವರು ಮುಖ್ಯಮಂತ್ರಿಗಳಾಗಿದ್ದಾಗ, ಜವಾಹರಲಾಲ್ ನೆಹರೂ ಅವರು ಅದಕ್ಕೆ ಶಂಕುಸ್ಥಾಪನೆ ಮಾಡಿದರು. ೧೯೫೨ರಲ್ಲಿ ಮುಖ್ಯಮಂತ್ರಿಗಳಾದ ಕೆಂಗಲ್ ಹನುಮಂತಯ್ಯನವರು ಮೊದಲಿನ ಸರಳ ನಕ್ಷೆಯನ್ನು ಬದಲಿಸಿ, ದ್ರಾವಿಡ ಶೈಲಿಯ ಭವ್ಯಸೌಧವಾಗಬೇಕೆಂದು ಸಂಕಲ್ಪಿಸಿ ಮುಂದೆ ನಿಂತು ನಡೆಸಿದರು. ೧೯೫೬ರಲ್ಲಿ ಕಟ್ಟಡ ಪೂರ್ಣವಾಯಿತು. ಅಂದಿನಿಂದ ಇಂದಿನವರೆಗೂ ‘ವಿಧಾನಸೌಧದ ರೂವಾರಿ’ ಎಂದರೆ ಹನುಮಂತಯ್ಯನವರೇ. ಅವರ ಸಂಕಲ್ಪವಿಲ್ಲದೆ ಆ ಸೌಧ ಏಳುತ್ತಿರಲಿಲ್ಲವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದರ ವಿನ್ಯಾಸವನ್ನು ರೂಪಿಸಿದವರು ಸರಕಾರದ ಎಂಜಿನಿಯರ್ ಬಿ. ಆರ್. ಮಾಣಿಕಂ ಅವರು. ಬೆಂಗಳೂರು ಸೀಮೆಯ ಬೂದುಗಲ್ಲು, ಮಾಗಡಿಯ ಗುಲಾಬಿಗಲ್ಲು, ತುರುವೇಕೆರೆಯ ಕರಿಗಲ್ಲುಗಳನ್ನು ಹೊತ್ತು, ಕಡಿದು, ಕೂರಿಸಿದವರು ಸುಮಾರು ೫೦೦೦ ಕೂಲಿಕಾರರು ಮತ್ತು ೧೫೦೦ ಕಲ್ಕುಟಿಗರು, ಗಾರೆಯವರು, ಮರಗೆಲಸದವರು. ದುಡಿದವರಲ್ಲಿ ಸೆರೆಮನೆಯ ಕೈದಿಗಳೂ ಇದ್ದರು. ಪಟ್ಟದಕಲ್ಲಿನ ಲೆಕ್ಕದಲ್ಲಿ ಹೇಳುವುದಾದರೆ ಹನುಮಂತಯ್ಯನವರು ಮಾಡಿಸಿದವರು, ಮಾಣಿಕಂ ಅವರು ಸೂತ್ರಧಾರಿ, ಕಲ್ಕುಟಿಗರು ರೂವಾರಿಗಳು. ಮೂವರಿಗೂ ಸಲ್ಲಬೇಕಾದ ಮೂರು ಗೌರವಗಳನ್ನು ನಾವು ಒಬ್ಬರಿಗೆ ಕೊಟ್ಟು, ಎರಡನೆಯವರನ್ನು ಗ್ರಂಥಗಳಿಗೆ ಬಿಟ್ಟು, ಮೂರನೆಯವರನ್ನು ಮರೆತೆವು.

ಒಮ್ಮೆ ಹೀಗೆ ಕೈಯಿಂದ ಬೇರ್ಪಟ್ಟ ಶಬ್ದ ಎಲ್ಲಿಗಾದರೂ ಹೋಗಬಹುದು. ‘ಏಕೀಕರಣದ ರೂವಾರಿ’ ಎಂಬುದು ಗೌರವದ ಮಾತಾಯಿತು. ಅದೇ ದಾರಿಯಲ್ಲಿ ‘ಸಂಚಿನ ರೂವಾರಿ’, ‘ಕೊಲೆಯ ಸೂತ್ರಧಾರ’ ಎಂಬ ಪ್ರಯೋಗಗಳೂ ನುಗ್ಗಿದವು. ತ್ರಿಭುವನಾಚಾರಿಯನ್ನು ಸನ್ಮಾನಿಸಿದ ಶಬ್ದದಿಂದ ನಾವು ಇಂದು ದರೋಡೆಗಾರನನ್ನು ಗುರುತಿಸುತ್ತೇವೆ. ತೆರೆಯ ಹಿಂದೆ ನಿಂತು, ಕೈಗೆ ಕೊಳೆ ಅಂಟಿಸಿಕೊಳ್ಳದೆ, ಇತರರಿಂದ ಮಾಡಿಸುವವನು ಎಂಬ ಅರ್ಥ ಅದಕ್ಕೆ ಬಂದಿದೆ. ಮೂಲಾರ್ಥಕ್ಕೆ ಇದು ಪೂರ್ಣ ವಿರುದ್ಧ. ರೂವಾರಿಯು ಬಿಸಿಲಿನಲ್ಲಿ, ಎಲ್ಲರ ಕಣ್ಣೆದುರಿಗೆ, ಮೈಯೆಲ್ಲ ಕಲ್ಲುಪುಡಿಯಾಗಿ ದುಡಿದವನು. ತನ್ನ ಕೆಲಸದ ಕೆಳಗೆ ಹೆಸರು ಕೊರೆದು ಹೊಣೆ ಹೊತ್ತವನು.

ಕಾನೂನು ಕೂಡ ಈ ಶಬ್ದದ ಕಡೆಗೆ ಗಮನ ಹರಿಸಿದೆ. ೧೯೭೨ರ ಆರ್ಕಿಟೆಕ್ಟರ ಅಧಿನಿಯಮದಂತೆ, ನೋಂದಣಿಯಾಗದವರು ಆ ಹೆಸರನ್ನು ವೃತ್ತಿನಾಮವಾಗಿ ಧರಿಸುವಂತಿಲ್ಲ. ಆದರೆ ಆ ಅಧಿನಿಯಮ ಕಾಯುವುದು ಹೆಸರನ್ನು ಮಾತ್ರ, ಕಟ್ಟಡವನ್ನು ರೂಪಿಸುವ ಕೆಲಸವನ್ನು ಇತರರು ಮಾಡಬಾರದೆಂದು ಅದು ನಿಷೇಧಿಸುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ೨೦೨೦ರ ಮಾರ್ಚಿಯಲ್ಲಿ ತೀರ್ಪಿತ್ತಿತು. ಹೆಸರಿಗೆ ಕಾವಲುಂಟು, ಕೆಲಸಕ್ಕೆ ಬೇಲಿಯಿಲ್ಲ. ಕಾನೂನಿಗೆ ಇಷ್ಟೇ ಸಾಧ್ಯ; ಉಳಿದುದು ಜನರ ವಿವೇಕಕ್ಕೆ ಬಿಟ್ಟದ್ದು.

೬

ಆ ವಿವೇಕಕ್ಕೆ ಒಂದು ಮೇಲ್ಪಂಕ್ತಿಯುಂಟು. ಡಾ. ಬಿ. ಆರ್. ಅಂಬೇಡ್ಕರ್ ಅವರನ್ನು ನಾಡೆಲ್ಲ ‘ಸಂವಿಧಾನ ಶಿಲ್ಪಿ’ ಎಂದು ಕರೆಯುತ್ತದೆ. ಅದು ಯೋಗ್ಯವಾದ ಬಿರುದು. ಆದರೆ ೧೯೪೯ರ ನವೆಂಬರ್ ೨೫ರಂದು ಸಂವಿಧಾನ ಸಭೆಯ ತಮ್ಮ ಭಾಷಣದಲ್ಲಿ, ತಮಗೆ ಸಲ್ಲಿಸುತ್ತಿರುವ ಕೀರ್ತಿಯಲ್ಲಿ ಒಂದು ಪಾಲು ಮೊದಲ ಕರಡನ್ನು ಸಿದ್ಧಪಡಿಸಿದ ಬಿ. ಎನ್. ರಾವ್ ಅವರದೆಂದೂ, ಅದಕ್ಕಿಂತ ಹೆಚ್ಚಿನ ಪಾಲು ಮುಖ್ಯ ಕರಡುಲೇಖಕರಾದ ಎಸ್. ಎನ್. ಮುಖರ್ಜಿ ಅವರದೆಂದೂ ಅವರು ಹೆಸರು ಹಿಡಿದು ಹೇಳಿದರು. ಅವರ ಕೈಕೆಳಗೆ ದುಡಿದ ಸಿಬ್ಬಂದಿಯನ್ನೂ ನೆನೆದರು. ಈ ಬೆನಗಲ್ ನರಸಿಂಗರಾಯರು ನಮ್ಮ ಮಂಗಳೂರಿನವರು. ಶಿಲ್ಪಿಯೆನಿಸಿಕೊಂಡವನು ಉಳಿ ಹಿಡಿದ ಇತರರ ಹೆಸರನ್ನು ತಾನೇ ಹೇಳಿದಾಗ ಬಿರುದು ಕುಗ್ಗುವುದಿಲ್ಲ. ಅದಕ್ಕೆ ಅರ್ಥ ಬರುತ್ತದೆ.

ಮಠದ ಪ್ರಸಾದನಿಲಯಗಳಲ್ಲಿ ಉಂಡು ಕಲಿತ ನಮ್ಮೆಲ್ಲರಿಗೆ ಅಲ್ಲಿನ ಗೋಡೆಯ ಶಿಲಾಫಲಕಗಳ ಪರಿಚಯವುಂಟು. ಶಂಕುಸ್ಥಾಪನೆ ಮಾಡಿದ ಪೂಜ್ಯರ, ಉದ್ಘಾಟಿಸಿದ ಗಣ್ಯರ, ದಾನ ಕೊಟ್ಟ ಭಕ್ತರ ಹೆಸರುಗಳು ಅವುಗಳ ಮೇಲಿವೆ, ಇರತಕ್ಕದ್ದೇ. ಅವರು ಮಾಡಿಸಿದವರು. ಆದರೆ ಮಾಡಿದವರ ಹೆಸರನ್ನು ಎಷ್ಟು ಫಲಕಗಳಲ್ಲಿ ಓದಿದ್ದೇವೆ? ನಾವು ಮಲಗಿದ ಕೋಣೆಯ ಗೋಡೆಯನ್ನು ನೇರವಾಗಿ ನಿಲ್ಲಿಸಿದ ಮೇಸ್ತ್ರಿ ಯಾರು, ದಾಸೋಹದ ಮನೆಯ ಕಲ್ಲುಹಾಸನ್ನು ಹಾಸಿದ ಕಲ್ಕುಟಿಗ ಯಾರು, ಬಾಗಿಲ ಚೌಕಟ್ಟನ್ನು ಕೂರಿಸಿದ ಬಡಗಿ ಯಾರು ಎಂದು ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ. ಕಾಯಕದ ಮಹಿಮೆಯನ್ನು ವೇದಿಕೆಯ ಮೇಲೆ ಹಾಡುವ ನಾವು ಅದನ್ನು ಫಲಕದ ಮೇಲೆ ಒಂದು ಸಾಲಿನಷ್ಟಾದರೂ ಬರೆಯಬೇಡವೆ?

ಇದಕ್ಕೆ ಹೆಚ್ಚಿನ ವೆಚ್ಚವಿಲ್ಲ. ಇನ್ನು ಮುಂದೆ ನಮ್ಮ ಊರಿನಲ್ಲಾಗಲಿ ಮಠದಲ್ಲಾಗಲಿ ಶಾಲೆ, ಪ್ರಸಾದನಿಲಯ, ಸಭಾಭವನಗಳು ಏಳುವಾಗ, ದಾನಿಗಳ ಹೆಸರಿನ ಕೆಳಗೆ ಸೂತ್ರ ಹಿಡಿದವರ ಹಾಗೂ ಕೆಲಸ ನಡೆಸಿದ ಮೇಸ್ತ್ರಿ, ಕಲ್ಕುಟಿಗ, ಬಡಗಿಗಳ ಹೆಸರುಗಳಿಗೆ ಎರಡು ಗೇಣು ಜಾಗವನ್ನು ಬಿಟ್ಟರೆ ಸಾಕು. ಕೆಲಸದ ಗುಣಕ್ಕೂ ಇದರಿಂದ ಲಾಭವುಂಟು. ತನ್ನ ಹೆಸರು ನಿಲ್ಲುವ ಗೋಡೆಯನ್ನು ಯಾವನೂ ಸೊಟ್ಟಗೆ ಕಟ್ಟಲಾರ.

ಪತ್ರಿಕೆಗಳು ತಮಗೆ ಬೇಕಾದವರನ್ನು ರೂವಾರಿಗಳೆಂದು ಕರೆಯಲಿ. ಅಮೃತಹಳ್ಳಿಯ ಬೀದಿಯಲ್ಲಿ ತೂಗುಗುಂಡು ಹಿಡಿದು ನಿಂತ ಆ ಮೇಸ್ತ್ರಿಯಾದರೋ ಗುಂಡ ಅನಿವಾರಿತಾಚಾರಿಯ ಕಾಲದಿಂದ ನಡೆದು ಬಂದ ವಿದ್ಯೆಯ ಇಂದಿನ ಕೊಂಡಿ. ಅವನ ಕೈಯಲ್ಲಿರುವುದೂ ಅದೇ ಸೂತ್ರ. ಅವನ ಹೆಸರನ್ನು ಕೇಳಿ ತಿಳಿದುಕೊಳ್ಳುವುದರಿಂದ ನಾವು ಪ್ರಾರಂಭಿಸಬಹುದು.